ದರಗಿನ ಮೇಲೊಂದು ನೀಲಿ ಮೊಟ್ಟೆ

ಹರಟೆಮಲ್ಲನನ್ನು ಮಾತ್ರ ನೋಡಿದವರು ಅದರ ಮೊಟ್ಟೆಯ ಬಣ್ಣವನ್ನು ಯಾವ ಜನ್ಮಕ್ಕೂ ಊಹಿಸಲಾರರು. ಬೂದಿಯೂ ಅಲ್ಲದ, ಮಣ್ಣೂ ಅಲ್ಲದ ಮಾಸಲು ಮೈ, ಕೆದರಿದ ಗರಿ, ಸಡಿಲ ಬಾಲ, ಯಾರನ್ನೋ ಬೈಯಲು ಸಿದ್ಧವಾಗಿಯೇ ಇರುವ ಬಿಳಿಗಣ್ಣು. ಆರೇಳು ಸೇರಿ ಹಿತ್ತಲಿಗೆ ಇಳಿದವೆಂದರೆ ದರಗನ್ನೆಲ್ಲ ತಿರುವಿಹಾಕುತ್ತವೆ. ಹುಳ ಸಿಕ್ಕಿದ್ದಕ್ಕೂ ಜಗಳ, ಸಿಗದಿದ್ದಕ್ಕೂ ಜಗಳ. ನೆಂಟರು ಬಂದಾಗ ಅಂಗಳಕ್ಕೆ ಕರೆದು ತೋರಿಸುವ ಹಕ್ಕಿ ಇದಲ್ಲ. ಸೂರಕ್ಕಿ ಇದೆ, ಕಾಜಾಣ ಇದೆ, ಬಾಲ ಎತ್ತಿ ಹಾಡುವ ಮಡಿವಾಳ ಇದೆ. ಇವನ್ನೆಲ್ಲ ತೋರಿಸಿ ಮುಗಿದ ಮೇಲೆ ನೆಂಟರೇ ಕೇಳಿದರೆ, ‘ಓ ಅದಾ, ಹರಟೆಮಲ್ಲ’ ಎನ್ನುತ್ತೇವೆ, ಅಷ್ಟೆ.

ಆ ಹಕ್ಕಿ ಇಡುವ ಮೊಟ್ಟೆ ನೀಲಿ. ಅಲ್ಲೊಂದು ಇಲ್ಲೊಂದು ನೀಲಿ ಛಾಯೆ ಇರುವುದಲ್ಲ, ಒಂದು ಚುಕ್ಕೆಯೂ ಇಲ್ಲದ ಅಪ್ಪಟ ನೀಲಿ. ಜಾತ್ರೆಯಲ್ಲಿ ಬಳೆಗಾರ ಮಲಾರ ಬಿಚ್ಚಿದಾಗ ಹಸಿರು ಬಳೆಗಳ ಸಾಲಿಗೂ ನೀಲಿ ಬಳೆಗಳ ಸಾಲಿಗೂ ನಡುವೆ, ಯಾವ ಕಡೆಗೆ ಸೇರಿಸಬೇಕೆಂದು ತಿಳಿಯದ ಒಂದು ಡಜನ್ ಇರುತ್ತದಲ್ಲ, ಅದರ ಬಣ್ಣ. ಗಾಜಿಗಿರುವ ಹೊಳಪೂ ಇದೆ.

ಮಲೆನಾಡಿನ ನಮ್ಮ ಹಿತ್ತಲಿನಲ್ಲಿ ಕರಿಬೇವಿನ ಗಿಡದ ಬುಡದಲ್ಲಿ ಅಂಥದೊಂದು ಮೊಟ್ಟೆ ಒಂಟಿಯಾಗಿ ಬಿದ್ದಿತ್ತು. ಜೂನ್ ಮೊದಲ ಮಳೆ ಬಿದ್ದು ದರಗು ನೆಂದು ಕಪ್ಪಗಾಗಿತ್ತು. ಅದರ ಮೇಲೆ ಈ ನೀಲಿ. ಕೊಡೆ ಮಡಿಸಿ ಪಕ್ಕಕ್ಕಿಟ್ಟು ಕುಕ್ಕರಗಾಲಲ್ಲಿ ಕೂತೆ. ಉದ್ದ ಒಂದು ಅಂಗುಲ, ಅಡ್ಡಕ್ಕೆ ಅದಕ್ಕಿಂತ ತುಸು ಕಡಿಮೆ. ಮೋಡ ಕವಿದಿದ್ದಾಗ ಅದು ನೀಲಿಯ ಕಡೆಗೆ ವಾಲುತ್ತಿತ್ತು, ಅಡಿಕೆ ಮರಗಳ ಸಂದಿಯಿಂದ ಒಂದಿಷ್ಟು ಬಿಸಿಲು ಬಿದ್ದೊಡನೆ ಹಸಿರಿಗೆ ತಿರುಗುತ್ತಿತ್ತು. ಬೆಳಕಿನ ಒಂದು ಚುಕ್ಕೆ ಅದರ ಬೆನ್ನ ಮೇಲೆ ನಿಂತಿತ್ತು. ನಾನು ತಲೆ ಆಡಿಸಿದಂತೆ ಆ ಚುಕ್ಕೆಯೂ ಜಾರುತ್ತಿತ್ತು. ನೋಡುವುದಕ್ಕೆ ಇರುವುದು ಇಷ್ಟೇ. ಇಷ್ಟನ್ನೇ ಎಷ್ಟು ಹೊತ್ತು ಬೇಕಾದರೂ ನೋಡಬಹುದು.

ಅಡುಗೆಮನೆಯ ಕಿಟಕಿಯಿಂದ ಅತ್ತೆ ಕೂಗಿದರು: “ಮುಟ್ಟಬೇಡ ಮಾರಾಯ. ಮನುಷ್ಯರ ಕೈ ತಾಗಿದ್ರೆ ತಾಯಿ ಹತ್ರ ಸೇರ್ಸಲ್ಲ.” ಊರಿಗೆ ಊರೇ ನಂಬಿರುವ ಮಾತು ಇದು. ಹಕ್ಕಿಗಳು ವಾಸನೆ ಹಿಡಿದು ಮೊಟ್ಟೆಯನ್ನು ತೊರೆಯುವುದಿಲ್ಲ. ಆದರೆ ಗೂಡಿನ ಸುತ್ತ ಸುಳಿದಾಡುವವರ ಕಾಟಕ್ಕೆ ಗೂಡು ಬಿಟ್ಟು ಹೋಗುವುದು ನಿಜ. ಕಾರಣ ತಪ್ಪಾದರೂ ಸಲಹೆ ಸರಿಯಾಗಿಯೇ ಇದೆ, ಹಾಗಾಗಿ ಅತ್ತೆಯ ಮಾತಿಗೆ ಎದುರಾಡಲಿಲ್ಲ.

ಮೊಟ್ಟೆಯ ಚೆಂದ ಕಣ್ಣು ತುಂಬಿದ ಮೇಲೆ ಮನಸ್ಸು ಮುಂದಿನ ಪ್ರಶ್ನೆಗೆ ಹೊರಳುತ್ತದೆ: ಯಾರದು ಇದು? ನಮ್ಮ ಕಡೆಯ ಹಿತ್ತಲಲ್ಲಿ ಚುಕ್ಕೆಯಿಲ್ಲದ ನೀಲಿ ಮೊಟ್ಟೆಗೆ ಹಕ್ಕುದಾರರು ಕೆಲವರೇ. ಮೈನಾದ ಮೊಟ್ಟೆಯೂ ನೀಲಿಯೇ, ಆದರೆ ಇದಕ್ಕಿಂತ ದೊಡ್ಡದು, ಬಣ್ಣ ತಿಳಿ. ಹಾಗಾಗಿ ಮೈನಾವನ್ನು ಬಿಡಬಹುದು. ಉಳಿದದ್ದು ಹರಟೆಮಲ್ಲ. ಆದರೆ ಹರಟೆಮಲ್ಲ ಎಂದು ಒಪ್ಪಿಕೊಂಡ ಮರುಕ್ಷಣವೇ ಹಿಂದಿನ ಬಾಗಿಲಿನಿಂದ ಇನ್ನಿಬ್ಬರು ಒಳಗೆ ಬರುತ್ತಾರೆ. ಒಂದು, ಬೇಸಿಗೆಯ ರಾತ್ರಿಯಲ್ಲೂ ಬಿಡದೆ ಸ್ವರ ಏರಿಸುತ್ತ ಕೂಗಿ, ನಿದ್ದೆಗೆಟ್ಟ ಇಂಗ್ಲಿಷರಿಂದ ‘ಬ್ರೈನ್ ಫೀವರ್’ ಎಂದು ಬೈಸಿಕೊಂಡ ಚಾಣ ಕೋಗಿಲೆ. ಇನ್ನೊಂದು, ಸಾಕ್ಷಾತ್ ಚಾತಕ.

ಕೊಕ್ಕು ಮೇಲಕ್ಕೆತ್ತಿ ಮಳೆಹನಿಗಾಗಿ ಕಾಯುವ, ನೆಲದ ನೀರು ಮುಟ್ಟದ ಚಾತಕವನ್ನು ಕವಿಗಳು ನಮಗೆ ಪರಿಚಯಿಸಿದ್ದಾರೆ. ಹಕ್ಕಿ ನೋಡುವವರು ಬಲ್ಲ ಚಾತಕದ ಕಥೆಯೇ ಬೇರೆ. ಕಪ್ಪು ಬಿಳಿ ಮೈ, ತಲೆಯ ಮೇಲೆ ಜುಟ್ಟು. ಗೂಡು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಹರಟೆಮಲ್ಲಗಳು ಗೂಡಿನಿಂದ ಆಚೆ ಹೋದ ಹೊತ್ತು ನೋಡಿ ಹೆಣ್ಣು ಚಾತಕ ಬಂದು ಗೂಡಿನ ಅಂಚಿನ ಮೇಲೆ ಕೂತು, ಅಲ್ಲಿಂದಲೇ ತನ್ನ ಮೊಟ್ಟೆಯನ್ನು ಕೆಳಗೆ ಬೀಳಿಸಿ ಹಾರಿಬಿಡುತ್ತದೆ. ಎಲ್ಲವೂ ಅವಸರದ ಕೆಲಸ. ಬಿದ್ದ ಮೊಟ್ಟೆ ಒಡೆಯುವುದಿಲ್ಲ, ಕೋಗಿಲೆ ಕುಲದ ಈ ಕಳ್ಳಮೊಟ್ಟೆಗಳ ಚಿಪ್ಪು ದಪ್ಪ. ಒಡೆಯುವುದೋ ಸೀಳು ಬಿಡುವುದೋ ಆದರೆ ಅದು ಕೆಳಗಿರುವ ಮನೆಯೊಡತಿಯ ಮೊಟ್ಟೆ. ಬಣ್ಣವಂತೂ ಹರಟೆಮಲ್ಲನದೇ ನೀಲಿ, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಅಕ್ಕಪಕ್ಕ ಇಟ್ಟರೂ ಬರಿಗಣ್ಣಿಗೆ ಗುರುತು ಸಿಗುವುದು ಕಷ್ಟ. ಆ ನೀಲಿಯನ್ನು ತಲೆಮಾರುಗಳ ಉದ್ದಕ್ಕೂ ತಿದ್ದಿ ತೀಡಿ ಪಕ್ಕಾ ಮಾಡಿದ್ದು ಹರಟೆಮಲ್ಲನ ಕಣ್ಣೇ. ಹೊಂದದ ಬಣ್ಣದವು ಗೂಡಿನಿಂದ ಆಚೆ ಬಿದ್ದವು, ಹೊಂದಿದವು ಉಳಿದವು.

1970ರ ದಶಕದಲ್ಲಿ ದೆಹಲಿಯ ಸುತ್ತ ಹರಟೆಮಲ್ಲಗಳ ಗುಂಪುಜೀವನದ ಬೆನ್ನುಹತ್ತಿದ ಎ.ಜೆ. ಗ್ಯಾಸ್ಟನ್, ಈ ಚಾತಕದ ಕಾಟದ ಬಗ್ಗೆಯೂ ವಿವರವಾಗಿ ಬರೆದರು. ಹರಟೆಮಲ್ಲಗಳಲ್ಲಿ ಮರಿ ಸಾಕುವುದು ಅಪ್ಪ ಅಮ್ಮನ ಕೆಲಸ ಮಾತ್ರವಲ್ಲ, ಗುಂಪಿಗೆ ಗುಂಪೇ ಹುಳ ತಂದು ಉಣಿಸುತ್ತದೆ. ಚಿಕ್ಕಪ್ಪ, ಅಕ್ಕ, ಅಣ್ಣ ಎಲ್ಲರ ಪಾಲೂ ಉಂಟು. ಆ ತುಂಬುಮನೆಯಲ್ಲಿ ಚಾತಕದ ಮರಿಯೂ ಉಣ್ಣುತ್ತದೆ. ಅದು ಯೂರೋಪಿನ ಕುಕ್ಕೂ ಮರಿಯ ಹಾಗೆ ಮನೆಯ ಮಕ್ಕಳನ್ನು ಗೂಡಿನಿಂದ ಆಚೆ ತಳ್ಳುವುದಿಲ್ಲ. ಪಕ್ಕದಲ್ಲಿ ಕೂತು ಅವಕ್ಕಿಂತ ಜೋರಾಗಿ ಬಾಯಿ ತೆರೆಯುತ್ತದೆ, ಅಷ್ಟೆ. ಕರಿಬೇವಿನ ಬುಡದಲ್ಲಿ ಬಿದ್ದಿದ್ದು ಮೋಸಹೋದವರ ಮೊಟ್ಟೆಯೋ ಮೋಸಮಾಡಿದವರದೋ, ನೋಟಕ್ಕೆ ಎರಡೂ ಒಂದೇ. ನೋಡುವ ಸುಖಕ್ಕೆ ಅದರಿಂದ ಕುಂದೇನೂ ಬರಲಿಲ್ಲ. ಬದಲಿಗೆ ನೀಲಿಯೊಳಗೆ ಒಂದು ತುಂಟತನ ಸೇರಿಕೊಂಡಿತು.

ಆ ನೀಲಿ ಬರುವುದಾದರೂ ಎಲ್ಲಿಂದ? ಹಕ್ಕಿಮೊಟ್ಟೆಗಳ ಬಣ್ಣದ ಪೆಟ್ಟಿಗೆ ತುಂಬ ಸಣ್ಣದು. ಇಡೀ ಹಕ್ಕಿಲೋಕದ ಮೊಟ್ಟೆಗಳಿಗೆ ಬಣ್ಣ ಬಳಿಯುವುದು ಮುಖ್ಯವಾಗಿ ಎರಡೇ ವರ್ಣದ್ರವ್ಯಗಳು. ನೀಲಿ ಹಸಿರಿಗೆ ಬಿಲಿವರ್ಡಿನ್, ಕೆಂಪು ಕಂದಿಗೆ ಪ್ರೋಟೋಪಾರ್ಫಿರಿನ್. ಎರಡೂ ರಕ್ತಕ್ಕೆ ಸಂಬಂಧಪಟ್ಟವು. ರಕ್ತಕ್ಕೆ ಕೆಂಪು ಕೊಡುವ ಹೀಮ್ ಎಂಬ ಅಂಶ ತಯಾರಾಗುವ ಹಾದಿಯಲ್ಲಿ ಸಿಗುವುದು ಪ್ರೋಟೋಪಾರ್ಫಿರಿನ್, ಅದೇ ಹೀಮ್ ಒಡೆದಾಗ ಸಿಗುವುದು ಬಿಲಿವರ್ಡಿನ್. ಮೊಣಕಾಲು ಬಾಗಿಲಿಗೆ ತಗಲಿ ರಕ್ತ ಹೆಪ್ಪುಗಟ್ಟಿದ ಜಾಗ ಕೆಲವು ದಿನಗಳ ಮೇಲೆ ಹಸಿರುಗಟ್ಟುವುದು ಇದರಿಂದಲೇ. ನಮ್ಮ ಮೈಯಲ್ಲಿ ಪೆಟ್ಟಿನ ಗುರುತಾಗಿ ಕಾಣುವ ಬಣ್ಣ ಹರಟೆಮಲ್ಲನ ಹೊಟ್ಟೆಯಲ್ಲಿ ಈ ಕೆಲಸ ಮಾಡುತ್ತದೆ. ಕಂದು ಬಣ್ಣ ಸಾಮಾನ್ಯವಾಗಿ ಚಿಪ್ಪಿನ ಹೊರಮೈಯ ಹತ್ತಿರ ಕೂರುತ್ತದೆ, ನೀಲಿ ಚಿಪ್ಪಿನ ಆಳಕ್ಕೂ ಇಳಿಯುತ್ತದೆ. ನೀಲಿ ಮೊಟ್ಟೆ ಒಡೆದ ಚೂರಿನ ಒಳಭಾಗವನ್ನು ನೋಡಿ, ಅಲ್ಲೂ ನೀಲಿಯ ಛಾಯೆ ಇರುತ್ತದೆ.

ಚಿಪ್ಪು ಕಟ್ಟುವುದು ಬಹುಮಟ್ಟಿಗೆ ರಾತ್ರಿಯ ಕೆಲಸ. ಕೋಳಿಯಲ್ಲಿ ಚಿಪ್ಪೊಂದಕ್ಕೇ ಸುಮಾರು 20 ಗಂಟೆ ಬೇಕು. ಸುಣ್ಣದ ಸಣ್ಣ ಸಣ್ಣ ಕಂಬಗಳು ಒತ್ತೊತ್ತಾಗಿ ಎದ್ದು, ನಡುನಡುವೆ ಉಸಿರಿಗೆ ತೂತುಗಳನ್ನು ಬಿಟ್ಟುಕೊಂಡು ಗೋಡೆಯಾಗುತ್ತವೆ. ಈ ಸುಣ್ಣವನ್ನು ಹಕ್ಕಿ ಎಲ್ಲಿಂದಾದರೂ ತರಬೇಕು. ಮೊಟ್ಟೆಯಿಡುವ ಕಾಲದಲ್ಲಿ ಸಣ್ಣ ಹಕ್ಕಿಗಳು ಬಸವನಹುಳದ ಚಿಪ್ಪನ್ನು ಹುಡುಕಿ ತಿನ್ನುತ್ತವೆ. ನೆದರ್‌ಲ್ಯಾಂಡ್ಸ್‌ನ ಕೆಲವು ಕಾಡುಗಳಲ್ಲಿ ಆಮ್ಲಮಳೆಯಿಂದ ಮಣ್ಣು ಕೆಟ್ಟು ಬಸವನಹುಳ ಕಡಿಮೆಯಾದಾಗ, ಅಲ್ಲಿನ ಹಕ್ಕಿಗಳ ಮೊಟ್ಟೆಚಿಪ್ಪು ತೆಳುವಾಗಿ ಒಡೆಯತೊಡಗಿದ್ದನ್ನು 1994ರಲ್ಲಿ ಅಲ್ಲಿನ ವಿಜ್ಞಾನಿಗಳು ವರದಿ ಮಾಡಿದರು. ಮಳೆ ಹಿಡಿದರೆ ನಮ್ಮ ಪಾಗಾರದ ತುಂಬ ಬಸವನಹುಳ. ತರಕಾರಿ ಸಸಿ ತಿನ್ನುತ್ತವೆಂದು ಶಾಪ ಹಾಕುತ್ತ ಉಪ್ಪು ಎರಚುವವರು ನಾವು. ಆ ಶಾಪ ಇನ್ನು ಸ್ವಲ್ಪ ಕಡಿಮೆ ಮಾಡಬಹುದು.

ಇಷ್ಟು ಮುಚ್ಚಟೆಯಿಂದ ಕಟ್ಟಿದ ಮೊಟ್ಟೆ ಮೂಡಿಬಂದ ಮೇಲೂ ಸುಮ್ಮನಿರುವುದಿಲ್ಲ. ಬೆಚ್ಚಗಿನ ಮೈಯಿಂದ ಹೊರಬಿದ್ದು ಆರುವಾಗ ಒಳಗಿನದು ಕುಗ್ಗುತ್ತದೆ. ಆಗ ಮೊಂಡು ತುದಿಯಲ್ಲಿ ಗಾಳಿಯ ಒಂದು ಕೋಣೆ ಹುಟ್ಟುತ್ತದೆ. ಕಾವಿಗೆ ಕೂತ ದಿನಗಳುದ್ದಕ್ಕೂ ತೂತುಗಳಿಂದ ನೀರಾವಿ ಹೊರಹೋಗಿ ಮೊಟ್ಟೆ ಹಗುರಾಗುತ್ತ, ಮರಿ ಹೊರಬರುವ ಹೊತ್ತಿಗೆ ತೂಕದಲ್ಲಿ ನೂರಕ್ಕೆ ಸುಮಾರು 15 ಪಾಲು ಕಳೆದುಕೊಂಡಿರುತ್ತದೆ. ಗಾಳಿಕೋಣೆ ಅಷ್ಟಷ್ಟೇ ಹಿಗ್ಗುತ್ತದೆ. ಮರಿ ತನ್ನ ಮೊದಲ ಉಸಿರು ಎಳೆಯುವುದು ಆ ಕೋಣೆಯ ಗಾಳಿಯನ್ನು. ಹೊರಗಿನಿಂದ ಒತ್ತಿದರೆ ಕಮಾನಿನ ಬಲದಿಂದ ತಡೆಯುವ ಗೋಡೆ, ಒಳಗಿನಿಂದ ಮರಿ ಕೊಕ್ಕಿನ ತುದಿಯ ಪುಟ್ಟ ಗಟ್ಟಿಮೊನೆಯಿಂದ ಕುಟ್ಟಿದರೆ ದಾರಿ ಬಿಡುತ್ತದೆ. ಹಳ್ಳಿಯ ಹೆಂಗಸರು ಕೋಳಿಯನ್ನು ಕಾವಿಗೆ ಕೂರಿಸುವ ಮೊದಲು ಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ, ಒಂದು ಕಣ್ಣು ಮುಚ್ಚಿ ನೋಡುತ್ತಾರಲ್ಲ, ಆಗ ತುದಿಯಲ್ಲಿ ತಿಳಿಯಾಗಿ ಕಾಣುವುದು ಇದೇ ಕೋಣೆ.

ಹಿತ್ತಲೊಂದರಲ್ಲೇ ಎಷ್ಟು ಬಗೆ! ಕುಟ್ರು, ಮರಕುಟಿಗ, ಗಿಳಿ, ಗೂಬೆ, ಮಿಂಚುಳ್ಳಿ ಪೊಟರೆಯಲ್ಲೋ ಮಣ್ಣಿನ ಬಿಲದಲ್ಲೋ ಇಡುವುದರಿಂದ ಬರೀ ಬಿಳಿ. ಕತ್ತಲಲ್ಲಿ ಬಣ್ಣಕ್ಕೇನು ಕೆಲಸ? ಈ ತರ್ಕವನ್ನು ಕೆಡಿಸುವುದಕ್ಕೆಂದೇ ಮೈನಾ ಪೊಟರೆಯಲ್ಲಿ ಕೂತು ನೀಲಿ ಮೊಟ್ಟೆಯಿಡುತ್ತದೆ. ಪಿಕಳಾರದ್ದು ನಸುಗೆಂಪು ಮೈಮೇಲೆ ಕಡುಗೆಂಪು ಚಿಕ್ಕೆ, ಕುಂಕುಮ ಚೆಲ್ಲಿದ ಲೆಕ್ಕಕ್ಕೆ ಹತ್ತಿರ. ಗದ್ದೆಯಂಚಿನ ಕಲ್ಲುಗಳ ನಡುವೆ ಗೂಡೇ ಇಲ್ಲದೆ ನಾಲ್ಕಿಡುವ ಟಿಟ್ಟಿಭದ ಮೊಟ್ಟೆ ಕಲ್ಲೇ. ಕಾಲಡಿಗೆ ಬರುವವರೆಗೂ ಕಾಣುವುದಿಲ್ಲ. ಸಮುದ್ರ ತನ್ನ ಮೊಟ್ಟೆಗಳನ್ನು ಕೊಚ್ಚಿಕೊಂಡು ಹೋಯಿತೆಂದು ಪಂಚತಂತ್ರದ ಟಿಟ್ಟಿಭ ಸಮುದ್ರದ ಮೇಲೇ ಹಗೆ ಸಾಧಿಸಿತು. ನಿಜವಾದ ಟಿಟ್ಟಿಭ ಎತ್ತು ಬಂದರೂ ಟ್ರ್ಯಾಕ್ಟರ್ ಬಂದರೂ ಎದುರು ನಿಂತು ಕಿರುಚುವುದನ್ನು ಕಂಡವರಿಗೆ ಆ ಕಥೆ ಉತ್ಪ್ರೇಕ್ಷೆ ಅನ್ನಿಸದು.

ಆದರೆ ನನ್ನನ್ನು ಕೇಳಿದರೆ ಈ ಪಂದ್ಯದಲ್ಲಿ ಹರಟೆಮಲ್ಲನಿಗೆ ಸರಿಸಾಟಿ ಒಂದೇ, ಬೂದು ಉಲಿಯಕ್ಕಿ. ಹೆಬ್ಬೆರಳಷ್ಟು ಮೈ, ಉದ್ದ ಬಾಲ, ಎಲೆಗಳನ್ನು ಹೊಲಿದು ಗೂಡು ಮಾಡುವ ಆ ಪುಟ್ಟ ಹಕ್ಕಿ ಇಡುವುದು ಇಟ್ಟಿಗೆಗೆಂಪಿನ, ಎಣ್ಣೆ ಸವರಿದಷ್ಟು ಮಿನುಗುವ ಮೊಟ್ಟೆ. ಬೆಂಗಳೂರಿನ ಮನೆಯಂಗಳದ ಹೂಗಿಡಗಳಲ್ಲೂ ಇದು ಗೂಡು ಕಟ್ಟುತ್ತದೆ. ಹಾದುಹೋಗುವವರಿಗೆ ಗೊತ್ತಾಗುವುದೇ ಇಲ್ಲ. ನೀಲಿಗೂ ಕೆಂಪಿಗೂ ನಡುವೆ ಒಂದನ್ನು ಆರಿಸು ಎಂದರೆ ಮಳೆಗಾಲದಲ್ಲಿ ನೀಲಿ ಎನ್ನುತ್ತೇನೆ, ಬೇಸಿಗೆಯಲ್ಲಿ ಕೆಂಪು.

ನೀಲಿ ಯಾಕೆ? ಅಡಗಿಸಬೇಕಾದ ವಸ್ತುವಿಗೆ ಇಷ್ಟು ಎದ್ದುಕಾಣುವ ಬಣ್ಣ ಯಾಕೆ? ಎಲೆಗಳೊಳಗೆ ಸೋಸಿ ಬರುವ ಹಸಿರು ಬೆಳಕಿನಲ್ಲಿ ಅದು ಅಷ್ಟೇನೂ ಕಾಣದು ಎನ್ನುವವರಿದ್ದಾರೆ. 2003ರಲ್ಲಿ ಹೊವಾನ್ ಮೊರೆನೊ ಮತ್ತು ಹೊಸೆ ಲೂಯಿಸ್ ಒಸೊರ್ನೊ ಬೇರೊಂದು ಮಾತು ಮುಂದಿಟ್ಟರು. ಬಿಲಿವರ್ಡಿನ್ ದೇಹಕ್ಕೆ ಬೇಕಾದ ವಸ್ತು, ಅದನ್ನು ಚಿಪ್ಪಿಗೆ ಧಾರಾಳವಾಗಿ ಸುರಿಯುವ ಹೆಣ್ಣು ತನ್ನ ಆರೋಗ್ಯವನ್ನು ಗಂಡಿಗೆ ಸಾರುತ್ತದೆ, ಗಂಡು ಮರಿಗಳಿಗೆ ಹೆಚ್ಚು ದುಡಿಯುತ್ತದೆ ಎಂದು. ಕೇಳಲು ಸೊಗಸು. ಗುಂಪೆಲ್ಲ ದುಡಿಯುವ ಹರಟೆಮಲ್ಲರ ಮನೆಗೆ ಇದು ಎಷ್ಟು ಹೊಂದುತ್ತದೆಂದು ನನಗೆ ಅನುಮಾನ. ಇದೆಲ್ಲಕ್ಕಿಂತ ಮನಸ್ಸಿಗೆ ಹಿಡಿಸಿದ್ದು 2018ರಲ್ಲಿ ಜಾಸ್ಮಿನಾ ವೀಮನ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಗತಿ. ಹಕ್ಕಿಗಳ ನೆಂಟರಾದ ಡೈನೋಸಾರ್‌ಗಳ ಪಳೆಯುಳಿಕೆ ಮೊಟ್ಟೆಗಳಲ್ಲೇ ಈ ಎರಡು ವರ್ಣದ್ರವ್ಯಗಳು ಸಿಕ್ಕಿವೆ. ಮೊಟ್ಟೆಗೆ ಬಣ್ಣ ಹಕ್ಕಿಗಳು ಹೊಸದಾಗಿ ಕಂಡುಹಿಡಿದದ್ದಲ್ಲ, ಹಿರಿಯರಿಂದ ಬಂದ ಬಳುವಳಿ. ಹರಟೆಮಲ್ಲ ಬರುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಭೂಮಿಯ ಮೇಲೆ ನೀಲಿ ಹಸಿರು ಮೊಟ್ಟೆ ಇತ್ತು.

ಚೆಂದದ ವಸ್ತು ಕಂಡರೆ ಎತ್ತಿಟ್ಟುಕೊಳ್ಳುವ ಆಸೆ ಹಳೆಯದು. ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನಲ್ಲಿ ಅದು ಒಂದು ಗೀಳೇ ಆಗಿ, ಮೊಟ್ಟೆಗೆ ಸಣ್ಣ ತೂತು ಕೊರೆದು ಒಳಗಿನದನ್ನು ಊದಿ ತೆಗೆದು, ಹತ್ತಿಯ ಮೇಲೆ ಸಾಲಾಗಿ ಜೋಡಿಸುವವರ ಮನೆಗಳಲ್ಲಿ ಡ್ರಾಯರುಗಳು ತುಂಬಿದವು. ಭಾರತಕ್ಕೆ ಬಂದವರೂ ಆ ಗೀಳನ್ನು ಜೊತೆಗೆ ತಂದರು. ಕಾಂಗ್ರೆಸ್ ಸ್ಥಾಪಕರಲ್ಲೊಬ್ಬ ಎಂದು ನಮ್ಮ ಪಠ್ಯಪುಸ್ತಕಗಳಲ್ಲಿರುವ ಎ.ಓ. ಹ್ಯೂಮ್ ಶಿಮ್ಲಾದ ತನ್ನ ಮನೆಯಲ್ಲಿ ಭಾರತದ ಹಕ್ಕಿ ಮತ್ತು ಮೊಟ್ಟೆಗಳ ಭಾರೀ ಸಂಗ್ರಹ ಕಟ್ಟಿದ್ದ. ಅವನು ಬರೆದಿಟ್ಟ ಮಣಗಟ್ಟಲೆ ಹಸ್ತಪ್ರತಿಯನ್ನು ಅವನಿಲ್ಲದಾಗ ಒಬ್ಬ ಆಳು ಕದ್ದು ರದ್ದಿ ಕಾಗದವೆಂದು ಮಾರಿಬಿಟ್ಟ. ಅಳಿದುಳಿದ ಟಿಪ್ಪಣಿಗಳಿಂದ ಭಾರತದ ಹಕ್ಕಿಗಳ ಗೂಡು ಮೊಟ್ಟೆಗಳ ಪುಸ್ತಕ 1889–90ರಲ್ಲಿ ಮೂರು ಸಂಪುಟಗಳ ಎರಡನೇ ಆವೃತ್ತಿಯಾಗಿ ಹೊರಬಂತು. ಸಂಗ್ರಹ ಲಂಡನ್ನಿನ ಮ್ಯೂಸಿಯಂ ಸೇರಿತು. ಶಿಮ್ಲಾದ ಅಂಗಡಿಗಳಲ್ಲಿ ಆ ಹಸ್ತಪ್ರತಿ ಏನೇನು ಪೊಟ್ಟಣವಾಯಿತೋ!

ಎತ್ತಿಟ್ಟವರಿಗೆ ಉಳಿದದ್ದು ಪೂರ್ತಿ ಆ ಬಣ್ಣವಲ್ಲ. ಡ್ರಾಯರಿನಲ್ಲಿಟ್ಟ ಮೊಟ್ಟೆ ವರ್ಷಗಳು ಕಳೆದಂತೆ ಮಂಕಾಗುತ್ತದೆ. ಆದರೂ ಆ ಗೀಳಿನಿಂದ ಒಂದು ಉಪಕಾರವಾಯಿತೆಂದು ಹೇಳದಿದ್ದರೆ ತಪ್ಪಾದೀತು. ಬ್ರಿಟನ್ನಿನಲ್ಲಿ ಪೆರಿಗ್ರಿನ್ ಎಂಬ ಬೇಟೆಹಕ್ಕಿಯ ಮೊಟ್ಟೆಗಳು ಗೂಡಿನಲ್ಲೇ ಒಡೆಯುತ್ತಿದ್ದ ಕಾಲದಲ್ಲಿ ಡೆರೆಕ್ ರ‍್ಯಾಟ್‌ಕ್ಲಿಫ್ ಹಳೆಯ ಸಂಗ್ರಹಗಳ ಮೊಟ್ಟೆಗಳನ್ನು ತೂಗಿ ಅಳೆದು, ಚಿಪ್ಪು 1947ರ ಸುಮಾರಿನಿಂದ ಇದ್ದಕ್ಕಿದ್ದಂತೆ ತೆಳುವಾಗಿದ್ದನ್ನು 1967ರಲ್ಲಿ ತೋರಿಸಿಕೊಟ್ಟರು. ಡಿಡಿಟಿ ಹೊಲಗಳಿಗೆ ಇಳಿದ ಕಾಲ ಅದು. ಯಾರೋ ಆಸೆಬುರುಕರು ಕದ್ದು ಬಚ್ಚಿಟ್ಟ ಮೊಟ್ಟೆಗಳು ಸಾಕ್ಷಿ ಹೇಳಿದವು. ಹಾಗೆಂದು ಕದ್ದವರನ್ನು ಮೆಚ್ಚಲಾಗದು. ಬ್ರಿಟನ್ ಕೂಡ 1954ರಲ್ಲಿ ಕಾಡುಹಕ್ಕಿಗಳ ಮೊಟ್ಟೆ ಎತ್ತುವುದನ್ನು ಕಾನೂನಿನಿಂದ ತಡೆಯಿತು.

ಮೊಟ್ಟೆಯ ವಿಷಯದಲ್ಲಿ ಅವಸರಪಟ್ಟವರ ಕಥೆ ನಮ್ಮಲ್ಲೂ ಇದೆ. ಮಹಾಭಾರತದ ಕದ್ರುವಿನ ಸಾವಿರ ಮೊಟ್ಟೆಗಳು ಐನೂರು ವರ್ಷಕ್ಕೆ ಒಡೆದು ಹಾವುಗಳು ಹೊರಬಂದವು. ತನ್ನೆರಡು ಒಡೆಯಲಿಲ್ಲವೆಂದು ತಾಳ್ಮೆಗೆಟ್ಟ ವಿನತೆ ಒಂದನ್ನು ತಾನೇ ಒಡೆದಳು. ಸೊಂಟದಿಂದ ಮೇಲಷ್ಟೇ ಬೆಳೆದಿದ್ದ ಅರುಣ ಹೊರಬಂದ, ಸವತಿಗೆ ದಾಸಿಯಾಗೆಂದು ತಾಯನ್ನೇ ಶಪಿಸಿ ಸೂರ್ಯನ ಸಾರಥ್ಯಕ್ಕೆ ಹೋದ. ಮುಟ್ಟದೆ ಬಿಟ್ಟ ಇನ್ನೊಂದರಿಂದ ಗರುಡ ಬಂದ.

ಕರಿಬೇವಿನ ಬುಡದ ಮೊಟ್ಟೆಯನ್ನು ಬಿದ್ದಲ್ಲೇ ಬಿಟ್ಟೆ. ಮೇಲೆ ಗೂಡು ಕಾಣುತ್ತಿದ್ದರೆ, ಮೊಟ್ಟೆ ಸೀಳು ಬಿಟ್ಟಿರದಿದ್ದರೆ, ಮೆಲ್ಲನೆ ಗೂಡಿಗೆ ಸೇರಿಸಿ ಸರಿದುಬಿಡುವುದು ಒಂದು ದಾರಿ. ಇಲ್ಲಿ ಮೊಂಡು ತುದಿಯ ಹತ್ತಿರ ಕೂದಲೆಳೆಯ ಬಿರುಕಿತ್ತು, ಗೂಡು ಕಣ್ಣಿಗೆ ಬೀಳಲಿಲ್ಲ. ಗಾಳಿಗೋ, ಕಾಗೆಯ ಕೊಕ್ಕಿನಿಂದ ಜಾರಿಯೋ, ಗೂಡು ಮುಗಿಯುವ ಮೊದಲೇ ಹೆಣ್ಣಿಗೆ ಹೊತ್ತು ಬಂದೋ ಹೀಗೆ ಮೊಟ್ಟೆಗಳು ನೆಲಕ್ಕೆ ಬೀಳುವುದುಂಟು. ಮರುದಿನ ಇರುವೆಗಳು ಸಾಲುಗಟ್ಟಿದ್ದವು, ಅದಾದ ಮೇಲೆ ಚಿಪ್ಪೂ ಇರಲಿಲ್ಲ. ಕೆಂಬೂತ ಆ ಕಡೆ ಓಡಾಡುತ್ತಿದ್ದುದನ್ನು ಅತ್ತೆ ನೋಡಿದ್ದರಂತೆ.

ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ಎಂದರೆ ಕೋವಿ ಹಿಡಿಯುವುದು ಮಾತ್ರವಲ್ಲ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಯನ್ನೋ ಗೂಡನ್ನೋ ಕೆದಕುವುದೂ ಅದರಲ್ಲಿ ಸೇರುತ್ತದೆ. ಕಾನೂನು ಹಾಗಿರಲಿ, ಹಿತ್ತಲು ಇರುವವರಲ್ಲಿ ಒಂದು ಕೋರಿಕೆ. ಮಾರ್ಚ್‌ನಿಂದ ಮಳೆಗಾಲ ಮುಗಿಯುವವರೆಗೆ ಬೇಲಿ ಸವರುವ ಮೊದಲು, ದಾಸವಾಳ, ನಿಂಬೆ, ಕರಿಬೇವಿನ ಗೆಲ್ಲು ಕತ್ತರಿಸುವ ಮೊದಲು, ಒಳಗೊಮ್ಮೆ ಇಣುಕಿ ನೋಡಿ. ಗೂಡು ಕಂಡರೆ ಕತ್ತಿಯನ್ನು ತಿಂಗಳ ಮಟ್ಟಿಗೆ ಗೂಟಕ್ಕೆ ಸಿಕ್ಕಿಸಿಡಿ.